ಯಾವ ಕೈಯಲ್ಲಿ ಮೀಟಬೇಕು?

ನಾನು ಹುಟ್ಟಾ ಎಡಚ. ಶಾಲೆಯಲ್ಲಿ ಎಡಗೈಯಿಂದ ಬಳಪ ಹಿಡಿದಾಗಲೆಲ್ಲ ಗೆಣ್ಣಿನ ಮೇಲೆ ಪೆಟ್ಟು ಬಿದ್ದು, ಬರವಣಿಗೆ ಬಲಗೈಗೆ ಬಂದಿತು. ಅಕ್ಷರವೇನೋ ಬಂದಿತು, ಅಕ್ಷರದ ಅಂದ ಮಾತ್ರ ಈವರೆಗೂ ಬಂದಿಲ್ಲ. ಈ ಹಳೆಯ ಕಥೆ ಮತ್ತೆ ನೆನಪಾಗಲು ಕಾರಣನಾದವನು ನನ್ನ ಸೋದರಳಿಯ. ಅವನೂ ಎಡಚನೇ. ಗಿಟಾರ್ ಕಲಿಯಲು ಹೋದವನು ಮೂರನೆಯ ವಾರಕ್ಕೇ ಮುಖ ಬಾಡಿಸಿಕೊಂಡು ಬಂದು, “ಮಾವ, ನನ್ನ ಬಲಗೈಗೆ ತಾಳವೇ ತಿಳಿಯುವುದಿಲ್ಲ” ಎಂದ. ಬಲಗೈಯಲ್ಲಿಯೇ ಮೀಟಬೇಕೆಂಬುದು ಅವನ ಗುರುಗಳ ಕಟ್ಟಪ್ಪಣೆ.

ಗುರುಗಳ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಿಟಾರಿಗೆ ಎರಡು ಕೈಗಳೂ ಬೇಕು. ಎರಡಕ್ಕೂ ಕೆಲಸ ಹೊಸದು. ತಂತಿಯನ್ನೊತ್ತಿ ಸ್ವರಸ್ಥಾನ ಹಿಡಿಯುವ ಕಷ್ಟದ ಭಾಗ ಎಡಗೈಗೇ ಬಂದಿರುವುದರಿಂದ ಎಡಚನಿಗೆ ಅನುಕೂಲವೇ ಆಯಿತಲ್ಲ ಎಂಬುದು ಅವರ ಮಾತು. ಕೇಳುವುದಕ್ಕೆ ಸೊಗಸಾಗಿದೆ. ಆದರೆ ಒತ್ತುವುದೇ ಹೆಚ್ಚಿನ ಕುಶಲತೆಯ ಕೆಲಸವಾಗಿದ್ದರೆ, ಲೋಕದಲ್ಲಿ ಬಹುಸಂಖ್ಯಾತರಾದ ಬಲಗೈಯವರು ಅದನ್ನು ತಮ್ಮ ಎಡಗೈಗೆ ಏಕೆ ಬಿಟ್ಟುಕೊಟ್ಟರು? ಗಿಟಾರಿನಲ್ಲಿಯೂ, ನಮ್ಮ ವೀಣೆ ಪಿಟೀಲುಗಳಲ್ಲಿಯೂ ನಾದವನ್ನು ಹುಟ್ಟಿಸುವ ಕೈ, ಕಾಲವನ್ನು ಅಳೆಯುವ ಕೈ, ಅವರ ಬಲಗೈಯೇ. ತಾವು ಮಾಡಿಕೊಂಡ ಈ ಅನುಕೂಲವನ್ನು ಎಡಚನಿಗೂ ಕೊಡಬಾರದೇಕೆ?

ದೃಷ್ಟಾಂತಗಳಿಗೆ ಕೊರತೆಯಿಲ್ಲ. ಲಿವರ್‌ಪೂಲಿನ ಪಾಲ್ ಮೆಕಾರ್ಟ್ನಿಯವರು ಹುಡುಗರಾಗಿದ್ದಾಗ ಬಲಗೈಯ ಗಿಟಾರಿನೊಡನೆ ಸೆಣಸಿ ಸೋತಿದ್ದರು. ಸ್ಲಿಮ್ ವಿಟ್ಮನ್ ಎಂಬ ಗಾಯಕರು ಎಡಗೈ ವಾದ್ಯ ಹಿಡಿದಿದ್ದ ಚಿತ್ರ ಕಣ್ಣಿಗೆ ಬಿದ್ದ ಮೇಲೆ ತಂತಿಗಳನ್ನು ಅದಲುಬದಲು ಮಾಡಿ ಕಟ್ಟಿಕೊಂಡರು, ದಾರಿ ತೆರೆಯಿತು. ಜಿಮಿ ಹೆಂಡ್ರಿಕ್ಸ್ (1942–1970) ಬಲಗೈಯವರ ವಾದ್ಯವನ್ನೇ ಮಗುಚಿ ಹಿಡಿದು ತಂತಿ ಬದಲಿಸಿ ನುಡಿಸಿದರು. ಅಮೆರಿಕದ ಎಲಿಜಬೆತ್ ಕಾಟನ್ ತಂತಿಯನ್ನೂ ಬದಲಿಸದೆ ಮಗುಚಿಕೊಂಡು, ಮಂದ್ರವನ್ನು ಬೆರಳುಗಳಿಗೂ ರಾಗವನ್ನು ಹೆಬ್ಬೆರಳಿಗೂ ಒಪ್ಪಿಸಿದರು. ಆ ಬಾನಿಗೆ ಅವರ ಹೆಸರೇ ನಿಂತಿತು. ಇದಕ್ಕೆ ಪ್ರತಿಯಾಗಿ, ಎಡಚರಾಗಿದ್ದೂ ಬಲಗೈಯವರಂತೆಯೇ ನುಡಿಸಿ ಕೀರ್ತಿ ಪಡೆದ ಮಾರ್ಕ್ ನಾಫ್ಲರ್ ಅವರೂ ಇದ್ದಾರೆ. ಎಲ್ಲ ಎಡಚರಿಗೂ ಒಂದೇ ಕಟ್ಟಳೆ ಹೊಂದುವುದಿಲ್ಲವೆಂದೇ ಇದರ ಅರ್ಥ.

ಕರ್ನಾಟಕ ಸಂಗೀತ ಬಲ್ಲವರಿಗೆ ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ (1908–1962) ನೆನಪಾಗದಿರದು. ಅವರು ಎಡಗೈ ವಾದಕರು. ಕರಣೆ ಹಾಕಿದ ಮುಖ ಸಭಿಕರ ಕಡೆಗಿರಬೇಕಾದುದರಿಂದ ಅವರು ಗಾಯಕರ ಎಡಕ್ಕೆ ಕೂರಬೇಕು. ಆಗ ಪಿಟೀಲಿನವರು ಬಲಕ್ಕೆ ಸರಿಯಬೇಕು. ಹಾಗೆ ಸರಿದುದರಿಂದ ಸಂಗೀತಕ್ಕೆ ಒದಗಿದ ಲಾಭವನ್ನು ರಸಿಕರು ಬಲ್ಲರು.

ಎಡಗೈ ವಾದನಕ್ಕೆ ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ಅಂಗಡಿಗಳಲ್ಲಿ ಎಡಗೈಯ ಗಿಟಾರುಗಳು ವಿರಳ. ಗೆಳೆಯನ ವಾದ್ಯವನ್ನು ಎರವಲು ಪಡೆದು ಒಂದು ಹಾಡು ನುಡಿಸುವ ಸುಖವೂ ಎಡಚನಿಗಿಲ್ಲ. ಬಲಗೈಯ ವಾದ್ಯಕ್ಕೆ ತಂತಿಗಳನ್ನು ತಿರುವಿ ಕಟ್ಟಿದರೆ ಸಾಲದು, ಮೇಲ್ತುದಿಯ ಪಟ್ಟಿಯಲ್ಲಿನ ಗೀರುಗಳು ತಂತಿಯ ದಪ್ಪಕ್ಕೆ ತಕ್ಕಂತಿರಬೇಕು, ಕುದುರೆಯ ಓರೆಯೂ ಬದಲಾಗಬೇಕು, ಇಲ್ಲವಾದರೆ ಅಪಸ್ವರ. ಇವೆಲ್ಲ ನಿಜವಾದ ತೊಡಕುಗಳು. ಆದರೆ ಇವು ಮರದಲ್ಲಿ, ವ್ಯಾಪಾರದಲ್ಲಿ ಇರುವ ತೊಡಕುಗಳು. ಮಗುವಿನ ಕೈಯಲ್ಲಿರುವ ದೋಷವಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ವಾದ್ಯ ಕೊಳ್ಳುವ ಮೊದಲೇ ಮಗುವಿನ ಕೈಯನ್ನು ಕೇಳಬೇಕು. ಒಂದು ಪೊರಕೆ ಕೊಟ್ಟು, “ಇದೇ ಗಿಟಾರ್, ನುಡಿಸಪ್ಪ” ಎಂದರೆ ಯಾವ ಕೈ ಮೀಟಲು ಹೋಗುವುದೋ ಅದು ಗೊತ್ತಾಗುತ್ತದೆ. ಎರಡು ಕೈಗೂ ಸಮನಾದ ಒಲವಿದ್ದರೆ ಬಲಗೈಯ ವಾದ್ಯವನ್ನೇ ಕಲಿಯಲಿ, ಸೌಕರ್ಯ ಹೆಚ್ಚು. ಬಲಗೈಯಲ್ಲಿ ಈಗಾಗಲೇ ನುರಿತವನನ್ನೂ ಕದಲಿಸಬೇಕಾಗಿಲ್ಲ. ಎಡಗೈಯೇ ಮುಂದೆ ಬರುವಂತಿದ್ದರೆ ಮಾತ್ರ ಯಾರೂ ಅದನ್ನು ಹಿಡಿದೆಳೆಯಬಾರದು.

ಸೋದರಳಿಯನಿಗೆ ಎಡಗೈಯ ಗಿಟಾರ್ ಬಂದು ಆರು ತಿಂಗಳಾಯಿತು. ಅವನು ವಿದ್ವಾಂಸನಾಗಿಲ್ಲ, ನೆರೆಮನೆಯವರ ನಿದ್ರೆಗೆ ಭಂಗ ಬರುತ್ತಿರುವುದೂ ಸುಳ್ಳಲ್ಲ. ಆದರೆ ತಾಳ ತಪ್ಪುತ್ತಿಲ್ಲ. ಅವನು ನುಡಿಸುವುದನ್ನು ಕೇಳುತ್ತ ಕುಳಿತಾಗ, ನನ್ನ ಎಡಗೈ ಬರೆದಿದ್ದರೆ ಅಕ್ಷರ ಹೇಗಿರುತ್ತಿತ್ತೋ ಎಂದು ಒಮ್ಮೊಮ್ಮೆ ಅನಿಸುತ್ತದೆ.