ಒಂದು ಹಾಸಿಗೆ, ಇಬ್ಬರ ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಅನುಭವದ ಮಾತು. ಸಂಸಾರಕ್ಕೆ ಸಲ್ಲುವ ಈ ವಿವೇಕ ಸರ್ಕಾರಕ್ಕೂ ಸಲ್ಲುತ್ತದೆಂದು ಅರ್ಥಸಚಿವರು ಆಗಾಗ ಉಪದೇಶಿಸುವುದುಂಟು. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರ್ಥಶಾಸ್ತ್ರಜ್ಞರು ಚರ್ಚಿಸಲಿ. ಆದರೆ ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗಿದಾಗ ಕಾಲು ಮಡಿಸಿಕೊಳ್ಳಬೇಕಾದವರು ಯಾರು? ಗಾದೆಯಲ್ಲಿ ಇದಕ್ಕೆ ಉತ್ತರವಿಲ್ಲ. ಸಂಮಿಶ್ರ ಸರ್ಕಾರವೊಂದು ತನ್ನ ಆಯವ್ಯಯದ ಕೊರತೆಯನ್ನು ತಗ್ಗಿಸಹೊರಟಾಗ ಏಳುವ ಪ್ರಶ್ನೆ ಇದೇ. 2010ರಿಂದ ಈಚೆಗೆ ಯೂರೋಪಿನ ಎರಡು ದೇಶಗಳು ಇದನ್ನು ಎರಡು ಬಗೆಯಲ್ಲಿ ಎದುರಿಸಿದವು. ಎರಡರಲ್ಲಿಯೂ ಕಿರಿಯ ಪಾಲುದಾರ ಪಕ್ಷವೇ ಹೆಚ್ಚಿನ ಬೆಲೆ ತೆತ್ತಿತೆಂಬುದು ವಿಚಾರಾರ್ಹವಾದ ಸಂಗತಿ.

ಮೊದಲನೆಯದು ಬ್ರಿಟನ್. 2010ರ ಮೇ ತಿಂಗಳ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯಲಿಲ್ಲ. 2008ರ ಬ್ಯಾಂಕುಗಳ ಕುಸಿತದ ಫಲವಾಗಿ ಸರ್ಕಾರದ ವಾರ್ಷಿಕ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇಕಡ 10ರಷ್ಟಕ್ಕೆ ಏರಿತ್ತು. ಡೇವಿಡ್ ಕ್ಯಾಮರೂನರ ಕನ್ಸರ್ವೇಟಿವ್ ಪಕ್ಷವೂ, 57 ಸ್ಥಾನ ಗಳಿಸಿದ್ದ ನಿಕ್ ಕ್ಲೆಗ್ಗರ ಲಿಬರಲ್ ಡೆಮಾಕ್ರಾಟ್ ಪಕ್ಷವೂ ಕೈಜೋಡಿಸಿದವು. ವೆಚ್ಚವನ್ನು ಆತುರದಿಂದ ಕತ್ತರಿಸಿದರೆ ಚೇತರಿಕೆಗೆ ಧಕ್ಕೆಯಾದೀತೆಂದು ಚುನಾವಣೆಯಲ್ಲಿ ಎಚ್ಚರಿಸಿದ್ದವರು ಲಿಬರಲ್ಲರು. ಕನ್ಸರ್ವೇಟಿವರು ಗೆದ್ದರೆ ಮೌಲ್ಯವರ್ಧಿತ ತೆರಿಗೆ ಏರುತ್ತದೆಂದು ಭಿತ್ತಿಪತ್ರ ಹಚ್ಚಿದ್ದವರೂ ಅವರೇ. ಅಧಿಕಾರಕ್ಕೆ ಬಂದ ತಿಂಗಳೊಳಗೇ ಸುಮಾರು 600 ಕೋಟಿ ಪೌಂಡಿನ ಕಡಿತ ಪ್ರಕಟವಾಯಿತು. ಜೂನ್ 22ರ ಮುಂಗಡ ಪತ್ರದಲ್ಲಿ ಆ ತೆರಿಗೆಯನ್ನು ಶೇಕಡ 17.5ರಿಂದ 20ಕ್ಕೆ ಏರಿಸುವ ನಿರ್ಧಾರ ಹೊರಬಿದ್ದಿತು. ಅಷ್ಟೇ ಅಲ್ಲ, ಪ್ರತಿಯೊಂದು ಇಲಾಖೆಯೊಡನೆ ಕುಳಿತು ವೆಚ್ಚ ತಗ್ಗಿಸುವ ಹೊಣೆಯುಳ್ಳ, ಖಜಾನೆಯ ಎರಡನೆಯ ಮಂತ್ರಿಪದವಿ ಆ ಐದು ವರ್ಷವೂ ಲಿಬರಲ್ಲರ ಪಾಲಿಗೇ ಬಂದಿತು. ನೀತಿ ಹಿರಿಯರದು, ಕತ್ತರಿ ಕಿರಿಯರ ಕೈಯಲ್ಲಿ.

ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮುಖ್ಯವಾದ ಭಾಗ ಮುಂದಿನದು. ವಿಶ್ವವಿದ್ಯಾನಿಲಯಗಳ ಬೋಧನಾ ಶುಲ್ಕದ ಹೆಚ್ಚಳಕ್ಕೆ ವಿರೋಧವಾಗಿ ಮತ ಹಾಕುವೆವೆಂದು ಲಿಬರಲ್ ಅಭ್ಯರ್ಥಿಗಳು ಚುನಾವಣೆಯ ಮೊದಲು ಲಿಖಿತ ವಚನ ಕೊಟ್ಟಿದ್ದರು. ಕ್ಲೆಗ್ಗರ ಸಹಿಯೂ ಅದರಲ್ಲಿತ್ತು. 2010ರ ಡಿಸೆಂಬರ್ 9ರಂದು ಇಂಗ್ಲೆಂಡಿನ ಶುಲ್ಕದ ಮಿತಿ ಸುಮಾರು 3,300 ಪೌಂಡುಗಳಿಂದ 9,000ಕ್ಕೆ ಏರಿತು. ಪರವಾಗಿ 323 ಮತ, ವಿರೋಧವಾಗಿ 302. ಲಿಬರಲ್ ಮಂತ್ರಿಗಳು ಏರಿಕೆಯ ಪರವಾಗಿ ಮತವಿತ್ತರು. ಅವರ ಪಕ್ಷದವರೇ ಆದ 21 ಮಂದಿ ವಿರೋಧವಾಗಿ ನಿಂತರು. ತಟಸ್ಥರಾಗಿರಲು ಮೈತ್ರಿಯ ಒಪ್ಪಂದದಲ್ಲಿ ಅವಕಾಶವಿದ್ದರೂ ನಾಯಕರು ಅದನ್ನು ಬಳಸಲಿಲ್ಲ.

ಈ ವಚನಭಂಗದಿಂದ ಕೊರತೆಯೇನಾದರೂ ಕರಗಿತೆ? ಲೆಕ್ಕದಲ್ಲಿ ಕರಗಿತು. ವಿಶ್ವವಿದ್ಯಾನಿಲಯಗಳಿಗೆ ಕೊಡುವ ಅನುದಾನ ಅಂದಂದಿನ ವೆಚ್ಚ; ವಿದ್ಯಾರ್ಥಿಗೆ ಕೊಡುವ ಸಾಲವಾದರೋ ಮುಂದೆ ಮರಳಿಬರುವ ಆಸ್ತಿ. ಹೀಗಾಗಿ ಅಂದಿನ ಪದ್ಧತಿಯಂತೆ ಸಾಲದ ಹಣ ಕೊರತೆಯಲ್ಲಿ ಕಾಣಿಸುತ್ತಿರಲಿಲ್ಲ. ಆದರೆ ಆ ಸಾಲದ ದೊಡ್ಡದೊಂದು ಭಾಗ ಎಂದಿಗೂ ಮರಳದೆಂಬುದು ಬಲ್ಲವರಿಗೆ ತಿಳಿದೇ ಇತ್ತು. ಮರಳದ ಭಾಗವನ್ನು ವೆಚ್ಚವೆಂದೇ ಎಣಿಸಬೇಕೆಂದು ಅಲ್ಲಿನ ಅಂಕಿಅಂಶಗಳ ಕಚೇರಿ 2018ರಲ್ಲಿ ತೀರ್ಮಾನಿಸಿತು. ಒಂದು ಪಕ್ಷ ತನ್ನ ಮಾತನ್ನು ಒತ್ತೆಯಿಟ್ಟು ಪಡೆದ ಉಳಿತಾಯದಲ್ಲಿ ಒಂದು ಪಾಲು ಹೀಗೆ ಲೆಕ್ಕದ ಪುಸ್ತಕದ ಉಳಿತಾಯ ಮಾತ್ರವಾಗಿತ್ತು.

ಲಿಬರಲ್ಲರು ಏನನ್ನೂ ಸಾಧಿಸಲಿಲ್ಲವೆಂದರೆ ಅನ್ಯಾಯವಾದೀತು. ಆದಾಯ ತೆರಿಗೆಯ ವಿನಾಯಿತಿ 2014ರ ವೇಳೆಗೆ 10,000 ಪೌಂಡುಗಳಿಗೆ ಏರಿದುದು ಅವರ ಒತ್ತಾಯದಿಂದ. ಕೊರತೆಯೂ ಐದು ವರ್ಷಗಳಲ್ಲಿ ಸರಿಸುಮಾರು ಅರ್ಧಕ್ಕೆ ಇಳಿಯಿತು. ಆದರೆ 2015ರ ಚುನಾವಣೆಯಲ್ಲಿ ಅವರಿಗೆ ಉಳಿದುದು 8 ಸ್ಥಾನ. ಕನ್ಸರ್ವೇಟಿವರಿಗೆ ಸ್ವಂತ ಬಹುಮತವೇ ದೊರೆಯಿತು. ಒಂದೇ ಕಡಿತಕ್ಕೆ ಎರಡು ಫಲ ಏಕೆ? ಕನ್ಸರ್ವೇಟಿವರ ಮತದಾರರು ಕಡಿತವನ್ನು ಬಯಸಿಯೇ ಮತವಿತ್ತಿದ್ದರು. ಲಿಬರಲ್ಲರ ಮತದಾರರಲ್ಲಿ ಬಹುಮಂದಿ ಅದನ್ನು ತಡೆಯಲೆಂದು ಮತವಿತ್ತಿದ್ದರು. ಒಬ್ಬರಿಗೆ ಅದು ಮಾತು ಉಳಿಸಿಕೊಂಡ ಕೆಲಸ, ಇನ್ನೊಬ್ಬರಿಗೆ ಮಾತು ಮುರಿದ ಕೆಲಸ.

ಹಾಗಾದರೆ ಕಿರಿಯ ಪಕ್ಷ ಹಟ ಹಿಡಿದಿದ್ದರೆ ಬದುಕುತ್ತಿತ್ತೆ? ಜರ್ಮನಿಯ ಕಥೆ ಇದಕ್ಕೆ ಉತ್ತರ. ಅಲ್ಲಿ 2009ರಿಂದ ಸಂವಿಧಾನವೇ ಸಾಲಕ್ಕೆ ಕಡಿವಾಣ ಹಾಕಿದೆ. 2021ರಲ್ಲಿ ಮೂರು ಪಕ್ಷಗಳು ಕೂಡಿ ಸರ್ಕಾರ ರಚಿಸಿದಾಗ ಅರ್ಥಸಚಿವರಾದವರು ಅವುಗಳಲ್ಲೆಲ್ಲ ಚಿಕ್ಕದಾದ ಫ್ರೀ ಡೆಮಾಕ್ರಾಟ್ ಪಕ್ಷದ ಕ್ರಿಶ್ಚಿಯನ್ ಲಿಂಡ್ನರ್. ಬಳಕೆಯಾಗದೆ ಉಳಿದಿದ್ದ 6,000 ಕೋಟಿ ಯೂರೋಗಳ ಸಾಲದ ಅನುಮತಿಯನ್ನು ಹವಾಮಾನ ನಿಧಿಗೆ ವರ್ಗಾಯಿಸಿದುದು ಸಲ್ಲದೆಂದು 2023ರ ನವೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಅಂದಿನಿಂದ ಪಾಲುದಾರರ ನಡುವೆ ಹಣದ ಜಗಳ ನಿಲ್ಲಲಿಲ್ಲ. ಲಿಂಡ್ನರ್ ಹೊಸ ಸಾಲಕ್ಕೆ ಒಪ್ಪಲಿಲ್ಲ. 2024ರ ನವೆಂಬರ್ 6ರಂದು ಛಾನ್ಸಲರ್ ಶೋಲ್ಟ್ಸ್ ಅವರನ್ನು ಪದಚ್ಯುತಗೊಳಿಸಿದರು, ಸರ್ಕಾರ ಮುರಿಯಿತು. ಮರು ಫೆಬ್ರವರಿಯ ಚುನಾವಣೆಯಲ್ಲಿ ಮೂರು ಪಕ್ಷಗಳೂ ಸೊರಗಿದವು. ಆದರೆ ಶೇಕಡ 5ರ ಗಡಿಯನ್ನು ಮುಟ್ಟಲಾರದೆ ಸಂಸತ್ತಿನಿಂದಲೇ ಹೊರಬಿದ್ದುದು ಲಿಂಡ್ನರರ ಪಕ್ಷ. ಮುಂದಿನ ತಿಂಗಳೇ ಕಡಿವಾಣವನ್ನು ಸಡಿಲಿಸಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು.

ಒಪ್ಪಿದವರೂ ಕೆಟ್ಟರು, ಒಪ್ಪದವರೂ ಕೆಟ್ಟರು. ಇದರಿಂದ ಸಂಮಿಶ್ರ ಸರ್ಕಾರಗಳು ಕೊರತೆಯ ಗೊಡವೆಗೇ ಹೋಗಬಾರದೆಂದು ತೀರ್ಮಾನಿಸಬೇಕಾಗಿಲ್ಲ. ಕಡಿತದ ಮೊತ್ತವನ್ನು ಒಪ್ಪಂದದಲ್ಲಿ ಬರೆಯುವುದು ಸುಲಭ. ಆ ಕಡಿತ ಯಾರ ಮನೆಯ ಬಾಗಿಲಿಗೆ ಬರುತ್ತದೆಂಬುದನ್ನು ಬರೆಯುವುದು ಕಷ್ಟ. ಕಷ್ಟವಾದ ಆ ವಾಕ್ಯವನ್ನು ಮುಂದೂಡಿದಷ್ಟೂ ಅದನ್ನು ಕೊನೆಗೆ ಮತದಾರನೇ ಬರೆಯುತ್ತಾನೆ. ಬಹುಮತ ಬರಲಾರದೆಂದು ತಿಳಿದ ಪಕ್ಷ ಚುನಾವಣೆಯ ಮೊದಲೇ, ತನ್ನ ಭರವಸೆಗಳಲ್ಲಿ ಮೈತ್ರಿಗಾಗಿ ಬಿಟ್ಟುಕೊಡಬಹುದಾದುವು ಯಾವುವು, ಪ್ರಾಣ ಹೋದರೂ ಬಿಡಲಾಗದುವು ಯಾವುವು ಎಂದು ಬೇರ್ಪಡಿಸಿ ಹೇಳಬೇಕು. ಕಾಲು ಮಡಿಸಬೇಕಾಗಿ ಬಂದಾಗ ಅದನ್ನು ಸಹಿಸುವ ಜನ ಎಲ್ಲ ದೇಶಗಳಲ್ಲೂ ಇದ್ದಾರೆ. ತಾವು ಮಡಿಸಬೇಕಾಗುವುದೆಂದು ಅವರಿಗೆ ಮೊದಲೇ ತಿಳಿಸಿರಬೇಕು, ಅಷ್ಟೆ.