ಡೀಸೆಲ್ ಎಂಜಿನ್ ಆಫ್ ಮಾಡಬಾರದೇ? ಅಮೆರಿಕದ ಐದು ನಿಮಿಷದ ನಿಯಮದ ಹಿಂದೆ ಏನಿದೆ?

'ಡೀಸೆಲ್ ಗಾಡಿಯನ್ನು ಪದೇ ಪದೇ ಆಫ್ ಮಾಡಬೇಡಿ, ಸ್ಟಾರ್ಟ್ ಮಾಡುವಾಗಲೇ ಹೆಚ್ಚು ಡೀಸೆಲ್ ಕುಡಿಯುತ್ತದೆ.' ಈ ಸಲಹೆ ನಿಮ್ಮ ಗುಂಪಿಗೂ ಬಂದಿರಬಹುದು. ಅಮೆರಿಕದ ಲಾರಿ ಚಾಲಕರಲ್ಲೂ ಇದು ಹಳೆಯ ನಂಬಿಕೆ. ಆದರೆ ಅಲ್ಲಿನ ಹಲವು ರಾಜ್ಯಗಳ ಕಾನೂನು ಇದಕ್ಕೆ ತದ್ವಿರುದ್ಧ.

ಕ್ಯಾಲಿಫೋರ್ನಿಯಾದಲ್ಲಿ ನಿಂತ ಭಾರೀ ಡೀಸೆಲ್ ಲಾರಿಯ ಎಂಜಿನ್ ಐದು ನಿಮಿಷ ಮೀರಿ ಓಡುವಂತಿಲ್ಲ. ನ್ಯೂಜೆರ್ಸಿಯಲ್ಲಿ ಮಿತಿ ಮೂರೇ ನಿಮಿಷ. ನ್ಯೂಯಾರ್ಕ್ ನಗರದಲ್ಲೂ ಮೂರು, ಶಾಲೆಯ ಪಕ್ಕದಲ್ಲಾದರೆ ಒಂದು. ಅಲ್ಲಿ ವಿಡಿಯೊ ತೆಗೆದು ದೂರು ಕೊಟ್ಟವರಿಗೆ ದಂಡದಲ್ಲಿ ಪಾಲೂ ಉಂಟು! ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಲಾರಿಗೆ ಈ ನಿಯಮಗಳಿಂದ ವಿನಾಯಿತಿ ಇದೆ.

ಹಾಗಾದರೆ ಫಾರ್ವರ್ಡ್ ಸುಳ್ಳೇ? ಇಂದಿನ ಎಂಜಿನ್‌ಗಳ ಮಟ್ಟಿಗೆ ಹೌದು. ಸುಮ್ಮನೆ ನಿಂತು ಓಡುವ ದೊಡ್ಡ ಲಾರಿ ಗಂಟೆಗೆ ಸುಮಾರು ಮೂರು ಲೀಟರ್ ಡೀಸೆಲ್ ಸುಡುತ್ತದೆ. ಒಮ್ಮೆ ಸ್ಟಾರ್ಟ್ ಮಾಡಲು ಬೇಕಾಗುವುದು ಅದರ ಅತಿ ಸಣ್ಣ ಅಂಶ. ನಿಂತಾಗ ಎಂಜಿನ್‌ನ ಬಿಸಿ ಇಳಿಯುವುದರಿಂದ ಡೀಸೆಲ್ ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ, ಹೊಗೆ ಶುದ್ಧೀಕರಿಸುವ ಸಾಧನವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ನಂಬಿಕೆ ಪೂರ್ತಿ ಗಾಳಿಮಾತೇನೂ ಅಲ್ಲ. ಕೊರೆಯುವ ಚಳಿಯಲ್ಲಿ ಡೀಸೆಲ್ ಮೇಣದಂತೆ ಗಟ್ಟಿಯಾಗುತ್ತದೆ, ಹಳೆಯ ಎಂಜಿನ್‌ಗಳು ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಘಟ್ಟ ಹತ್ತಿ ಬಂದ ಟರ್ಬೊ ಎಂಜಿನ್ ತಣಿಯಲು ಕೆಲವು ನಿಮಿಷ ಬೇಕೆಂಬುದೂ ನಿಜ. ಐದು ನಿಮಿಷ ಅದಕ್ಕೆ ಧಾರಾಳವಾಗಿ ಸಾಕು.

ನಮಗೆ ಇಲ್ಲಿ ನಿಜವಾದ ತೊಡಕು ಕಾಣುವುದು ಎಂಜಿನ್‌ನಲ್ಲಲ್ಲ, ಅದರ ಹಿಂದಿರುವ ಹಾಸಿಗೆಯಲ್ಲಿ. ದೂರದ ಊರುಗಳಿಗೆ ಸರಕು ಸಾಗಿಸುವ ಚಾಲಕರು ಅಮೆರಿಕದ ಕೇಂದ್ರ ನಿಯಮದಂತೆ ಹನ್ನೊಂದು ಗಂಟೆ ಓಡಿಸಿದ ಮೇಲೆ ಮತ್ತೆ ಚಕ್ರ ಹಿಡಿಯಲು ಸತತ ಹತ್ತು ಗಂಟೆ ಬಿಡುವು ತೆಗೆದುಕೊಳ್ಳಲೇಬೇಕು. ಬಹುತೇಕರು ಮಲಗುವುದು ಕ್ಯಾಬಿನ್‌ನಲ್ಲೇ. ಬೇಸಿಗೆಯಲ್ಲಿ ಎಂಜಿನ್ ಆಫ್ ಮಾಡಿದರೆ ಎಸಿಯೂ ಆಫ್. ಒಂದು ಕಾನೂನು ಮಲಗು ಅನ್ನುತ್ತದೆ, ಇನ್ನೊಂದು ಎಸಿ ಆರಿಸು ಅನ್ನುತ್ತದೆ. ನಿದ್ದೆಗೆಟ್ಟ ಚಾಲಕ ಬೆಳಿಗ್ಗೆ ಮೂವತ್ತಾರು ಟನ್ ತೂಕದ ಗಾಡಿಯನ್ನು ಹೆದ್ದಾರಿಗೆ ಇಳಿಸಿದರೆ ಅದು ಅವನೊಬ್ಬನ ಕಷ್ಟವಾಗಿ ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ ಮಲಗುವ ಕ್ಯಾಬಿನ್‌ಗಳಿಗೆ ಮೊದಲು ಕೊಟ್ಟಿದ್ದ ರಿಯಾಯಿತಿಯನ್ನು 2008ರಿಂದ ತೆಗೆದುಹಾಕಿತು. ಬದಲಿಗೆ ಕಡಿಮೆ ಹೊಗೆಯ ಹೊಸ ಎಂಜಿನ್‌ಗಳಿಗೆ ವಿಶೇಷ ಸ್ಟಿಕ್ಕರ್ ಕೊಟ್ಟು, ಮನೆ, ಶಾಲೆಗಳಿಂದ ನೂರು ಅಡಿ ದೂರದಲ್ಲಿದ್ದರೆ ಓಡಿಸಬಹುದೆಂದಿತು. ಇನ್ನೊಂದು ದಾರಿ ಎಪಿಯು, ಅಂದರೆ ಎಸಿ, ಹೀಟರ್‌ಗಷ್ಟೇ ಶಕ್ತಿ ಕೊಡುವ ಪುಟ್ಟ ಎಂಜಿನ್ ಅಥವಾ ಬ್ಯಾಟರಿ. ಎಂಜಿನ್ ಮಾದರಿ ಗಂಟೆಗೆ ಒಂದು ಲೀಟರ್ ಆಸುಪಾಸಿನಲ್ಲಿ ಮುಗಿಸುತ್ತದೆ. ಆದರೆ ಬೆಲೆ ಸಾವಿರಾರು ಡಾಲರ್, ಹಾಕಿಸಬೇಕಾದವರು ಲಾರಿಯ ಮಾಲೀಕರು. ಅದರ ಭಾರದಿಂದ ಸರಕು ಕಡಿಮೆಯಾಗುತ್ತದೆ ಎಂಬ ತಕರಾರು ಬಂದಾಗ, ಎಪಿಯು ಇರುವ ಲಾರಿಗೆ 550 ಪೌಂಡ್, ಅಂದರೆ ಸುಮಾರು 250 ಕಿಲೋ, ಹೆಚ್ಚುವರಿ ತೂಕ ಬಿಟ್ಟುಕೊಡಲು ರಾಜ್ಯಗಳಿಗೆ ಕೇಂದ್ರ ಕಾನೂನು ಅವಕಾಶ ಕೊಟ್ಟಿದೆ.