ಬ್ಯಾಂಕಿಗೆ ಅಷ್ಟೊಂದು ಅವಸರವಿಲ್ಲ

ಪ್ರೀತಿಯ ಮಕ್ಕಳೇ, ನನ್ನ ಓರಗೆಯ ಅಜ್ಜ-ಅಜ್ಜಿಯರೇ,

‘ನಿಮ್ಮ ಕೆವೈಸಿ ಅವಧಿ ಮುಗಿದಿದೆ. ಇಂದು ರಾತ್ರಿ ಖಾತೆ ಬಂದ್ ಆಗುತ್ತದೆ. ಕೂಡಲೇ ಈ ಲಿಂಕ್ ಒತ್ತಿ.’ ಇಂಥ ಮೆಸೇಜು ನಿಮ್ಮ ಮನೆಯ ಫೋನಿಗೂ ಬಂದಿರಬಹುದು. ಓದಿದವರ ಎದೆ ಧಸಕ್ಕೆನ್ನುತ್ತದೆ. ಪಿಂಚಣಿ ಬೀಳುವುದು ಅದೇ ಖಾತೆಗಲ್ಲವೇ?

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಜನ ನಮ್ಮನ್ನು ಬೈಯುತ್ತಿದ್ದುದು ಒಂದೇ ಮಾತಿಗೆ: ‘ನಿಮ್ಮದು ಬಹಳ ನಿಧಾನ ಸ್ವಾಮಿ!’ ಆ ನಿಧಾನವೇ ಈಗ ನಿಮಗೆ ಗುರುತು.

ಕೆವೈಸಿ ಎಂದರೆ ಖಾತೆದಾರರು ಯಾರು, ಎಲ್ಲಿದ್ದಾರೆ ಎಂದು ಬ್ಯಾಂಕು ಖಚಿತಪಡಿಸಿಕೊಳ್ಳುವುದು. ಅಪಾಯ ಕಡಿಮೆ ಎಂದು ಬ್ಯಾಂಕು ಎಣಿಸಿದ ಖಾತೆಗಳಿಗೆ ಇದು 10 ವರ್ಷಕ್ಕೊಮ್ಮೆಯ ಕೆಲಸ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ, ಗಡುವಿಗೆ ಮೊದಲು ಬ್ಯಾಂಕು ಕನಿಷ್ಠ 3 ಸಲ ತಿಳಿಸಬೇಕು. ಅದರಲ್ಲಿ ಒಂದು ಕಾಗದವೇ ಆಗಿರಬೇಕು. ಗಡುವು ದಾಟಿದ ಮೇಲೂ ಕನಿಷ್ಠ 3 ಸಲ ನೆನಪಿಸಬೇಕು. ಇಷ್ಟು ಸಲ ಹೇಳಬೇಕಾದ ಬ್ಯಾಂಕು ‘ಇಂದು ರಾತ್ರಿ’ ಎಂದು ಹೆದರಿಸೀತೇ? ಅವಸರ ಇರುವುದು ಕಳ್ಳನಿಗೆ. ನೀವು ಯೋಚಿಸುವುದರೊಳಗೆ ಅವನ ಕೆಲಸ ಆಗಬೇಕು.

ಲಿಂಕ್ ಒತ್ತಿದರೆ ಬ್ಯಾಂಕಿನದೇ ಎನ್ನುವಂಥ ಪುಟ ತೆರೆಯುತ್ತದೆ. ಅಲ್ಲಿ ಬರೆದ ಪಾಸ್‌ವರ್ಡ್, ಒಟಿಪಿ ನೇರ ಕಳ್ಳನ ಕೈಗೆ. ಕೆಲವೊಮ್ಮೆ ‘ಎಪಿಕೆ’ ಎಂಬ ಫೈಲು ಇಳಿಯುತ್ತದೆ. ಅದನ್ನು ಹಾಕಿಕೊಂಡರೆ ನಿಮಗೆ ಬರುವ ಮೆಸೇಜುಗಳನ್ನೂ ಅವನು ಓದಬಲ್ಲ.

ಮಕ್ಕಳೇ, ಈ ನಾಲ್ಕು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ:

1. ಮೆಸೇಜಿನ ಲಿಂಕ್ ಒತ್ತುವುದಿಲ್ಲ. ಅದರಲ್ಲಿರುವ ನಂಬರಿಗೆ ಫೋನ್ ಮಾಡುವುದಿಲ್ಲ.
2. ಒಟಿಪಿ, ಪಿನ್ ಯಾರಿಗೂ ಹೇಳುವುದಿಲ್ಲ. ಬ್ಯಾಂಕಿನವರು ಎಂದರೂ ಇಲ್ಲ.
3. ದುಡ್ಡು ಬರಲು ಯುಪಿಐ ಪಿನ್ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ.
4. ಅನುಮಾನ ಬಂದರೆ ಪಾಸ್‌ಬುಕ್ ಹಿಡಿದು ನಮ್ಮ ಶಾಖೆಗೇ ಹೋಗುತ್ತೇವೆ.

ಇನ್ನೊಂದು ಮಾತು ಹಿರಿಯರಿಗೆ. ನಮ್ಮ ಬೀದಿಯ ಮೇಷ್ಟರೊಬ್ಬರು ಹೀಗೆ ಹಣ ಕಳೆದುಕೊಂಡು, ನಾಚಿಕೆಯಿಂದ ಎರಡು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಹಣ ಎಲ್ಲಿಗೋ ದಾಟಿಹೋಗಿತ್ತು. ಹಾಗೆ ಮಾಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳ ಹಣ ತೆಗೆಯುವ ಮೊದಲೇ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯಲು ಸಾಧ್ಯವಿದೆ. ಇಲ್ಲಿ ನಿಮಿಷ ನಿಮಿಷವೂ ಲೆಕ್ಕ.

ಮಕ್ಕಳೇ, ಅಜ್ಜಿ ಬಂದು ‘ಏನೋ ಒತ್ತಿಬಿಟ್ಟೆ ಕಂದಾ’ ಎಂದರೆ ನಗಬೇಡಿ, ಗದರಬೇಡಿ. ಗದರಿಸಿದರೆ ಮುಂದಿನ ಸಲ ಅವರು ನಿಮಗೆ ಹೇಳುವುದೇ ಇಲ್ಲ. ಮೊದಲು 1930 ಒತ್ತಿ ಫೋನನ್ನು ಅವರ ಕೈಗೆ ಕೊಡಿ, ಮಾತಾಡುವಾಗ ಪಕ್ಕದಲ್ಲೇ ಕೂತಿರಿ.